ಚಪಲ ಯಾರದು?

ಉಡುಗೆತೊಡುಗೆಯ ಮಾತು ಬಂದಾಗಲೆಲ್ಲ ನಮ್ಮ ವಿಚಾರವಂತರ ಬಾಯಲ್ಲಿ ಒಂದು ವಾಕ್ಯ ತಪ್ಪದೆ ಉದುರುತ್ತದೆ: ಫ್ಯಾಷನ್ನು ಹೆಣ್ಣಿನ ಚಪಲದ ಕೂಸು. ಗಂಡಸು ಒಂದು ಕೋಟು ಹೊಲಿಸಿದರೆ ಹತ್ತು ವರ್ಷ ತೊಡುತ್ತಾನೆ. ಹೆಂಗಸಿಗೆ ದೀಪಾವಳಿಯ ಸೀರೆ ಯುಗಾದಿಯ ವೇಳೆಗೆ ಹಳತಾಗಿರುತ್ತದೆ. ಇಷ್ಟಕ್ಕೇ ನಿಂತಿದ್ದರೆ ಜಗುಲಿಯ ಹರಟೆಯೆಂದು ನಾವೂ ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಇದೇ ಮಾತು ಗ್ರಂಥದೊಳಗೆ ಹೊಕ್ಕು, ಅಡಿಟಿಪ್ಪಣಿಗಳ ಪರಿವಾರ ಕಟ್ಟಿಕೊಂಡು, ಶಾಸ್ತ್ರದ ಠೀವಿಯಿಂದ ಹೊರಟಾಗ ಸುಮ್ಮನಿರುವುದು ಸಲ್ಲದು.

ಈ ಶಾಸ್ತ್ರಕಾರರಲ್ಲಿ ಇಬ್ಬರನ್ನು ಹೆಸರಿಸಿದರೆ ಸಾಕು. ಫ್ಲೂಗೆಲ್ ಎಂಬ ಮನಶ್ಶಾಸ್ತ್ರಜ್ಞ 1930ರಲ್ಲಿ ಉಡುಪಿನ ಮನಶ್ಶಾಸ್ತ್ರವನ್ನು ಕುರಿತು ಒಂದು ಪುಸ್ತಕ ಬರೆದು, ಹದಿನೆಂಟನೆಯ ಶತಮಾನದ ಕೊನೆಗೆ ಯೂರೋಪಿನ ಗಂಡಸು ಅಲಂಕಾರವನ್ನು ತೊರೆದನೆಂದೂ ಅದು ‘ಪುರುಷರ ಮಹಾತ್ಯಾಗ’ವೆಂದೂ ಸಾರಿದ. ಬುದ್ಧದೇವನ ಮಹಾಭಿನಿಷ್ಕ್ರಮಣದ ಅನಂತರ ಇಷ್ಟು ದೊಡ್ಡ ತ್ಯಾಗದ ಸುದ್ದಿಯನ್ನು ಯಾರೂ ಕೇಳಿರಲಿಲ್ಲ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಲೇವರ್ ಇನ್ನೊಂದು ಸೂತ್ರವನ್ನು ಕಟ್ಟಿದ: ಗಂಡಸಿನ ಉಡುಪು ಅವನ ಅಂತಸ್ತನ್ನು ಹೇಳುತ್ತದೆ, ಹೆಂಗಸಿನ ಉಡುಪು ಗಂಡನ್ನು ಸೆಳೆಯಲೆಂದು ಹುಟ್ಟಿದೆ. ಒಬ್ಬನಿಗೆ ತ್ಯಾಗ, ಇನ್ನೊಬ್ಬಳಿಗೆ ಬಲೆ. ಹಂಚಿಕೆ ಬಹಳ ಅನುಕೂಲವಾಗಿದೆ.

ಇಂಥ ವಾದಗಳಿಗೆ ಸಾಕ್ಷಿಯೆಂದು ಮತ್ತೆ ಮತ್ತೆ ತಂದು ನಿಲ್ಲಿಸುವುದು ಹತ್ತೊಂಬತ್ತನೆಯ ಶತಮಾನದ ಮೊದಲ ಮೂವತ್ತು ವರ್ಷಗಳಲ್ಲಿ ಲಂಡನ್ ಮತ್ತು ಪ್ಯಾರಿಸ್ಸಿನ ಪತ್ರಿಕೆಗಳ ಜೊತೆಗೆ ಬರುತ್ತಿದ್ದ ಬಣ್ಣದ ಫ್ಯಾಷನ್ ಚಿತ್ರಗಳನ್ನು. ಓದುಗರು ಇವನ್ನು ಎಲ್ಲಾದರೂ ಕಂಡಿರುತ್ತಾರೆ. ಜೇನ್ ಆಸ್ಟೆನ್ನಳ ಕಾದಂಬರಿಗಳ ಹೊದಿಕೆಯ ಮೇಲೆ, ಇಲ್ಲವೆ ಗೋಡೆಯ ಕ್ಯಾಲೆಂಡರಿನಲ್ಲಿ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಹಾಳೆ. ನಡುವೆ ಸಾಮಾನ್ಯವಾಗಿ ಒಬ್ಬಳೇ ಹೆಣ್ಣು. ಅವಳ ಹಿಂದೆ ಹೆಚ್ಚೆಂದರೆ ಒಂದು ಕುರ್ಚಿ, ನೆಲವಿದೆಯೆಂಬುದರ ಗುರುತಿಗೆ ಎರಡು ಗೆರೆ ನೆರಳು. ಎದೆಯ ಕೆಳಗೇ ಬಿಗಿದು ಕಾಲಿನವರೆಗೂ ಇಳಿಬಿದ್ದ ಬಿಳಿಯ ನಿಲುವಂಗಿ, ಹೆಗಲಿನಿಂದ ಜಾರಿದ ಶಾಲು, ಕೈಯಲ್ಲೊಂದು ಪುಸ್ತಕ. ಪುಸ್ತಕವನ್ನು ಅವಳು ಓದುತ್ತಿರುವುದಿಲ್ಲ. ತಲೆ ಚಿಕ್ಕದು, ಕಾಲು ಉದ್ದ, ಪಾದಗಳು ಇದ್ದೂ ಇಲ್ಲದಷ್ಟು. ಈ ಅಂಗಪ್ರಮಾಣದ ಹೆಣ್ಣು ನಿಜವಾಗಿ ಎದ್ದು ನಡೆದರೆ ನಾಲ್ಕು ಹೆಜ್ಜೆಗೆ ಮುಗ್ಗರಿಸಬೇಕು. ಕೆಳಗೆ ಎರಡು ಮಾತಿನ ಬರೆಹ: ‘ನಡಿಗೆಯ ಉಡುಪು’, ‘ಸಂಜೆಯ ಉಡುಪು’, ‘ಒಪೆರಾ ಉಡುಪು’. ಮುಂದಿನ ತಿಂಗಳು ಅವಳೇ ಮತ್ತೆ ಬರುತ್ತಾಳೆ. ತೋಳು ಒಂದಿಷ್ಟು ಉಬ್ಬಿರುತ್ತದೆ, ಕೆಳಗಿನ ಅಂಚಿಗೆ ಒಂದು ಸುತ್ತು ನಿರಿಗೆ ಹೆಚ್ಚಾಗಿರುತ್ತದೆ. ನೋಡಿರಿ, ತಿಂಗಳಿಗೊಂದು ವೇಷ, ಇದೇ ಹೆಣ್ಣಿನ ಮನಸ್ಸು ಎಂದು ತೀರ್ಪು ಹೊರಬೀಳುತ್ತದೆ.

ಸಾಕ್ಷಿಯನ್ನು ಕಟಕಟೆ ಹತ್ತಿಸಿದ ಮೇಲೆ ಪಾಟೀಸವಾಲು ಬೇಡವೆ? ಇವಳನ್ನು ಬರೆದವರು ಯಾರು, ಅಚ್ಚುಹಾಕಿದವರು ಯಾರು, ಮಾರಿದವರು ಯಾರು? ದುಡ್ಡು ಯಾರ ಗಲ್ಲಾಪೆಟ್ಟಿಗೆಗೆ ಬಿತ್ತು?

ಪ್ಯಾರಿಸ್ಸಿನಿಂದ ಆರಂಭಿಸೋಣ. ‘ಜೂರ್ನಾಲ್ ದೇ ದಾಮ್ ಎ ದೇ ಮೋದ್’, ಎಂದರೆ ಹೆಂಗಸರ ಮತ್ತು ಫ್ಯಾಷನ್ನುಗಳ ಪತ್ರಿಕೆ, 1797ರಲ್ಲಿ ಹುಟ್ಟಿ 1839ರವರೆಗೆ ಬದುಕಿತು. ಐದು ದಿನಕ್ಕೊಂದು ಸಂಚಿಕೆ. ಅದರೊಡನೆ ಬರುತ್ತಿದ್ದ ‘ಕೋಸ್ತ್ಯೂಮ್ ಪಾರಿಸಿಯಾಂ’ ಚಿತ್ರಗಳಿಗೆ ಕ್ರಮಸಂಖ್ಯೆಯಿದೆ. ಅದು ಮೂರು ಸಾವಿರವನ್ನು ಮೀರಿ ಹೋಗುತ್ತದೆ. ಯೂರೋಪಿನ ಸಿರಿವಂತ ಹೆಣ್ಣಿಗೆ ಮೂವತ್ತು ವರ್ಷ ಹೀಗೆ ಉಡು, ಹಾಗೆ ತೊಡು ಎಂದು ವಿಧಿಸಿದ ಈ ಪತ್ರಿಕೆಯ ಸೂತ್ರಧಾರ ಪಿಯೆರ್ ದ ಲಾ ಮೆಸಾಂಜೇರ್. ಈತ ಪೂರ್ವಾಶ್ರಮದಲ್ಲಿ ಪಾದ್ರಿ; ಲಾ ಫ್ಲೆಶ್ ಎಂಬ ಊರಿನ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನೂ ಸಾಹಿತ್ಯವನ್ನೂ ಹೇಳಿಕೊಡುತ್ತಿದ್ದ ಅಧ್ಯಾಪಕ. ಫ್ರೆಂಚ್ ಕ್ರಾಂತಿಯ ಬಿರುಗಾಳಿ ಆ ಬದುಕನ್ನು ಕಿತ್ತೆಸೆದ ಮೇಲೆ ಪ್ಯಾರಿಸ್ಸಿನಲ್ಲಿ ಹೆಂಗಸರ ಟೋಪಿಗಳ ಶಾಸ್ತ್ರವನ್ನು ಹಿಡಿದ. ತಪ್ಪೆಂದು ಹೇಳುತ್ತಿಲ್ಲ, ಹೊಟ್ಟೆಪಾಡು ಯಾರನ್ನೂ ಬಿಟ್ಟಿಲ್ಲ. 1831ರಲ್ಲಿ ಅವನು ಸತ್ತಾಗ ಮನೆಯಲ್ಲಿ ಸಾವಿರ ಜೊತೆ ರೇಷ್ಮೆಯ ಕಾಲುಚೀಲ, ಎರಡು ಸಾವಿರ ಜೊತೆ ಜೋಡು, ನಲವತ್ತು ಕೊಡೆ ಸಿಕ್ಕವೆಂದು ಒಂದು ಕತೆ ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂದಿದೆ. ಕತೆಗೆ ಸಲ್ಲುವಷ್ಟು ಸೋಡಿ ಬಿಟ್ಟು ಅರ್ಧಕ್ಕರ್ಧ ಕಳೆದರೂ ‘ಮಹಾತ್ಯಾಗ’ದ ಸಿದ್ಧಾಂತಕ್ಕೆ ಇದು ಒಳ್ಳೆಯ ಟಿಪ್ಪಣಿ. ಅದೇ ಕಾಲದ ಲಂಡನ್ನಿನಲ್ಲಿ ಉಡುಪಿನ ವಿಷಯದಲ್ಲಿ ರಾಜಕುಮಾರನೂ ತಲೆಬಾಗುತ್ತಿದ್ದುದು ಬೋ ಬ್ರಮ್ಮೆಲ್ ಎಂಬ ಗಂಡಸಿಗೆ. ಕತ್ತಿನ ಬಟ್ಟೆ ಕಟ್ಟುವುದನ್ನೇ ಒಂದು ಕಲೆಯನ್ನಾಗಿ ಮಾಡಿದ ಈ ಮಹಾತ್ಯಾಗಿ 1816ರಲ್ಲಿ ಸಾಲಗಾರರಿಗೆ ಹೆದರಿ ಫ್ರಾನ್ಸಿಗೆ ಓಡಿಹೋದ.

ಇನ್ನು ಲಂಡನ್. ‘ಲಾ ಬೆಲ್ ಅಸಾಂಬ್ಲೇ’ ಪತ್ರಿಕೆಯನ್ನು 1806ರಲ್ಲಿ ತೆಗೆದವನು ಜಾನ್ ಬೆಲ್. ಹಳೆಯ ಇಂಗ್ಲಿಷ್ ಅಚ್ಚಿನಲ್ಲಿದ್ದ ಉದ್ದನೆಯ ‘ಎಸ್’ ಅಕ್ಷರವನ್ನು ಕೈಬಿಟ್ಟವರಲ್ಲಿ ಮೊದಲಿಗನೆಂದು ಮುದ್ರಣಕಲೆಯ ಇತಿಹಾಸದಲ್ಲಿ ಹೆಸರಾದವನು. ಅದಕ್ಕೂ ಮುಂಚೆ, 1794ರಲ್ಲಿ, ಚಂದಾದಾರರಿಗಾಗಿ ದುಬಾರಿಯ ‘ಗ್ಯಾಲರಿ ಆಫ್ ಫ್ಯಾಷನ್’ ಹೊರಡಿಸಿದವನು ಜರ್ಮನಿಯ ಹೈಡೆಲೋಫ್. ಆದರೆ ಇವರೆಲ್ಲರಿಗಿಂತ ಹೆಚ್ಚಾಗಿ ನೋಡಬೇಕಾದವನು ರುಡಾಲ್ಫ್ ಆಕರ್ಮನ್. 1764ರಲ್ಲಿ ಸ್ಯಾಕ್ಸನಿಯಲ್ಲಿ ಹುಟ್ಟಿದ ಈತ ಕಲಿತ ಕಸಬು ಕುದುರೆಯ ಜೀನು ಮತ್ತು ಸಾರೋಟಿನದು. ಲಂಡನ್ನಿಗೆ ಬಂದು ಸಾರೋಟುಗಳ ನಕ್ಷೆ ಬರೆದ. 1795ರಲ್ಲಿ ಸ್ಟ್ರ್ಯಾಂಡ್ ಬೀದಿಯಲ್ಲಿ ಚಿತ್ರದಂಗಡಿ ತೆರೆದ. ನೌಕಾಪತಿ ನೆಲ್ಸನ್ನನ ಶವಯಾತ್ರೆಯ ರಥವನ್ನು ಸಿದ್ಧಪಡಿಸುವ ಕೆಲಸವೂ ಅವನ ಪಾಲಿಗೆ ಬಂತು. 1809ರ ಜನವರಿಯಿಂದ 1828ರ ಕೊನೆಯವರೆಗೆ ಅವನು ನಡೆಸಿದ ಮಾಸಪತ್ರಿಕೆಯ ಪೂರ್ಣ ನಾಮಧೇಯವನ್ನು ಕನ್ನಡಿಸಿದರೆ ಹೀಗಾಗುತ್ತದೆ: ಕಲೆ, ಸಾಹಿತ್ಯ, ವಾಣಿಜ್ಯ, ಕೈಗಾರಿಕೆ, ಫ್ಯಾಷನ್ ಮತ್ತು ರಾಜಕೀಯಗಳ ಭಂಡಾರ. ವಾಣಿಜ್ಯ, ಕೈಗಾರಿಕೆ ಮೊದಲು, ಆಮೇಲೆ ಫ್ಯಾಷನ್. ಪತ್ರಿಕೆಯ ಶಿರೋನಾಮೆಯೇ ಒಪ್ಪಿಕೊಂಡ ಸತ್ಯವನ್ನು ಶಾಸ್ತ್ರಕಾರರು ಏಕೆ ಓದಲಿಲ್ಲವೋ ತಿಳಿಯದು.

ಈ ಪತ್ರಿಕೆಯ ಮೊದಲ ವರ್ಷಗಳ ಸಂಚಿಕೆಗಳಲ್ಲಿ ಒಂದು ವಿಚಿತ್ರವಾದ ಪುಟವಿದೆ. ಮರದಚ್ಚಿನಲ್ಲಿ ದೇವತೆಗಳು, ಕಂಬಗಳು, ಬಳ್ಳಿಗಳಿಂದ ತುಂಬಿದ ಒಂದು ಚೌಕಟ್ಟು. ಅದರೊಳಗೆ ನಿಜವಾದ ಬಟ್ಟೆಯ ಮೂರು ನಾಲ್ಕು ತುಣುಕುಗಳನ್ನು ಅಂಟಿಸಿದ್ದಾರೆ. ಚಿತ್ರವಲ್ಲ, ಬಟ್ಟೆಯೇ. ಇನ್ನೂರು ವರ್ಷ ಕಳೆದರೂ ಉಳಿದ ಪ್ರತಿಗಳಲ್ಲಿ ಅವನ್ನು ಬೆರಳಿನಿಂದ ಮುಟ್ಟಿ ನೋಡಬಹುದು. ಮೇಲೆ ಬರೆದಿರುವುದು: ಬ್ರಿಟಿಷ್ ಕೈಗಾರಿಕೆಯ ನಮೂನೆಗಳು. ಜೊತೆಯ ಬರೆಹದಲ್ಲಿ ಈ ಬಟ್ಟೆ ಯಾವುದಕ್ಕೆ ಒಪ್ಪುತ್ತದೆ, ಯಾವ ಬೀದಿಯ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದೆಲ್ಲ ವಿವರವಾಗಿರುತ್ತದೆ. 1809ರಲ್ಲೇ ಇನ್ನೊಂದು ಚಿತ್ರ ಬಂತು: ಲಂಡನ್ನಿನ ಪಾಲ್‌ಮಾಲ್ ಬೀದಿಯ ಹಾರ್ಡಿಂಗ್ ಹೋವೆಲ್ ಕಂಪನಿಯ ಜವಳಿ ಮಳಿಗೆಯ ಒಳನೋಟ. ಗಾಜಿನ ಅಡ್ಡಗೋಡೆಗಳಿಂದ ಭಾಗ ಮಾಡಿದ ಒಂದೇ ದೊಡ್ಡ ಅಂಗಡಿಯಲ್ಲಿ ತುಪ್ಪುಳಿನ ಉಡುಪು, ಬೀಸಣಿಗೆ, ರೇಷ್ಮೆ, ಮಸ್ಲಿನ್, ಒಡವೆ, ಟೋಪಿ ಎಲ್ಲವೂ ಇವೆ. ಕಟ್ಟೆಯ ಆಚೆ ಮಾರುವವರು, ಈಚೆ ಕೊಳ್ಳುವವರು. ಫ್ಯಾಷನ್ ಚಿತ್ರದ ಹೆಣ್ಣು ಈ ಅಂಗಡಿಯ ಬಾಗಿಲಲ್ಲಿ ನಿಂತು ಗಿರಾಕಿಯನ್ನು ಕರೆಯುವ ಬೊಂಬೆ. ಬೊಂಬೆಯ ಕೈಯಾಡಿದ್ದನ್ನು ಕಂಡು ಬೊಂಬೆಗೆ ಚಪಲವೆಂದರೆ ಹೇಗೆ?

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಇಂದು ಈ ಚಿತ್ರಗಳು ಬಹುಮಟ್ಟಿಗೆ ಬಿಡಿಹಾಳೆಗಳಾಗಿ ಓಡಾಡುತ್ತವೆ. ಹಳೆಯ ಸಂಪುಟವನ್ನು ಕೊಂಡು, ಚಿತ್ರಗಳನ್ನು ಕತ್ತರಿಸಿ, ಕಟ್ಟುಹಾಕಿಸಿ ಮಾರುವುದು ಒಂದು ವ್ಯಾಪಾರವಾಗಿದೆ. ಉಳಿದ ಪುಟಗಳು, ಎಂದರೆ ಬಟ್ಟೆಯ ವಿವರ, ಅಂಗಡಿಯ ಹೆಸರು, ಆ ತಿಂಗಳ ಕಂಪನಿಗಳ ಷೇರಿನ ದರ, ಯುದ್ಧದ ಸಮಾಚಾರ, ಇವುಗಳಿಗೆ ಗಿರಾಕಿಯಿಲ್ಲ. ಗೋಡೆಯ ಮೇಲೆ ಉಳಿಯುವುದು ಹೆಣ್ಣು ಮತ್ತು ಅವಳ ಉಡುಪು ಮಾತ್ರ. ಮಾರುವವನ ಮಾತನ್ನು ಕತ್ತರಿಸಿ ಎಸೆದಮೇಲೆ ಉಡುಪೆಲ್ಲ ಅವಳ ಮನಸ್ಸಿನಿಂದಲೇ ಹುಟ್ಟಿದಂತೆ ಕಾಣುವುದು ಸಹಜ. ಶಾಸ್ತ್ರಕಾರರು ನೋಡಿದ್ದು ಈ ಕತ್ತರಿಸಿದ ಹಾಳೆಗಳನ್ನು.

ಈಗ ಆ ಬಿಳಿಯ ನಿಲುವಂಗಿಯನ್ನೇ ಕೇಳೋಣ. ಇದರಲ್ಲಿ ನಮ್ಮ ನೆರೆಹೊರೆಯವರ ಪಾಲೂ ಇದೆ. ಗಾಳಿಯಲ್ಲಿ ತೇಲುವ ಮಸ್ಲಿನ್ ಎಂದರೆ ಢಾಕಾದ ಮಸ್ಲಿನ್ ಎಂದು ಯೂರೋಪಿನವರಿಗೆ ಗೊತ್ತಿದ್ದ ಕಾಲ ಅದು. ಆದರೆ 1779ರಲ್ಲಿ ಸ್ಯಾಮ್ಯುಯೆಲ್ ಕ್ರಾಂಪ್ಟನ್ ತನ್ನ ನೂಲುವ ಯಂತ್ರವನ್ನು ಕಟ್ಟಿದ ಮೇಲೆ ನವಿರಾದ ನೂಲು ಲ್ಯಾಂಕಷೈರಿನಲ್ಲೂ ಸ್ಕಾಟ್ಲೆಂಡಿನಲ್ಲೂ ಬರತೊಡಗಿತು. ಭಾರತದ ಬಟ್ಟೆಯ ಮೇಲೆ ಭಾರಿ ಸುಂಕ ಕೂತಿತು. ಚಿತ್ರದ ಕೆಳಗಿನ ‘ಮಸ್ಲಿನ್’ ಎಂಬ ಹೆಸರು ಹಾಗೆಯೇ ಉಳಿಯಿತು. ಅದನ್ನು ನೇಯುವ ಕೈ ಮಾತ್ರ ಬದಲಾಯಿತು. ಆಕರ್ಮನ್ನನ ಆ ಅಂಟಿಸಿದ ತುಣುಕುಗಳ ಮೇಲಿನ ‘ಬ್ರಿಟಿಷ್ ಕೈಗಾರಿಕೆ’ ಎಂಬ ಎರಡು ಪದಗಳ ಹಿಂದೆ ಢಾಕಾದ ಎಷ್ಟೋ ಮಗ್ಗಗಳು ಸುಮ್ಮನಾದ ಇತಿಹಾಸವಿದೆ.

ಶಾಲಿನ ಕತೆಯೂ ಇದೇ. ನೆಪೋಲಿಯನ್ 1798ರಲ್ಲಿ ಈಜಿಪ್ಟಿಗೆ ದಂಡೆತ್ತಿ ಹೋದ ಮೇಲೆ ಅವನ ಸೈನ್ಯದ ಅಧಿಕಾರಿಗಳು ಕಾಶ್ಮೀರದ ಶಾಲುಗಳನ್ನು ಮನೆಗೆ ತಂದರು. ಜೋಸೆಫೀನಳ ಹೆಗಲನ್ನು ಅವು ಏರಿದವು. ಪ್ರೂದೋನ್ 1805ರಲ್ಲಿ ಬರೆದ ಅವಳ ಚಿತ್ರದಲ್ಲಿ ಕೆಂಪು ಶಾಲನ್ನು ಈಗಲೂ ಕಾಣಬಹುದು. ಕಾಶ್ಮೀರದ ನೇಕಾರ ತಿಂಗಳುಗಟ್ಟಲೆ ಕುಳಿತು ನೇಯುವ ಶಾಲಿಗೆ ಪ್ಯಾರಿಸ್ಸಿನ ಬೇಡಿಕೆಯ ಆತುರ ಎಲ್ಲಿ ತಾಳೀತು? ಎಡಿನ್‌ಬರೊ, ನಾರಿಚ್, ಪೇಸ್ಲಿಗಳಲ್ಲಿ ಅನುಕರಣದ ಶಾಲುಗಳು ಹುಟ್ಟಿದವು. ಫ್ರಾನ್ಸಿನ ತೆರ್ನೋ ಎಂಬ ಕೈಗಾರಿಕೋದ್ಯಮಿ ಉಣ್ಣೆಗಾಗಿ 1819ರ ಹೊತ್ತಿಗೆ ಏಷ್ಯಾದಿಂದ ಮೇಕೆಗಳ ಮಂದೆಯನ್ನೇ ತರಿಸಿದ. ನಮ್ಮ ಹೆಂಗಸರು ಸೀರೆಯ ಸೆರಗಿನಲ್ಲಿ ‘ಮಾವಿನಕಾಯಿ’ ಎಂದು ಗುರುತಿಸುವ ಆ ಬಾಗಿದ ತುದಿಯ ಬುಟ್ಟಾ ಇಂದು ಜಗತ್ತಿನ ಬಾಯಲ್ಲಿ ‘ಪೇಸ್ಲಿ’. ಸ್ಕಾಟ್ಲೆಂಡಿನ ಒಂದು ಗಿರಣಿಯೂರು ಕಾಶ್ಮೀರದ ಹೆಸರನ್ನು ನುಂಗಿ ನೀರು ಕುಡಿದದ್ದು ಯಾವ ಹೆಣ್ಣಿನ ಚಪಲದಿಂದ? ಕತ್ತೆಯ ಮೇಲೆ ಹೊರಿಸಿದ ಮೂಟೆಗೆ ಕತ್ತೆಯೇ ಒಡೆಯನೆಂದು ಲೆಕ್ಕ ಬರೆಯುವ ಶಾನುಭೋಗರನ್ನು ನಾವು ಕಂಡಿಲ್ಲ. ಉಡುಪಿನ ಇತಿಹಾಸದಲ್ಲಿ ಕಾಣಬಹುದು.

ಚಪಲದ ಆರೋಪ ಹೊಸದಲ್ಲ ಎಂಬುದೂ ನಿಜ. ಈ ಚಿತ್ರಗಳು ಬಂದ ಕಾಲದಲ್ಲೇ ಇವನ್ನು ತೊಟ್ಟ ಹೆಂಗಸರನ್ನು ಗೇಲಿಮಾಡುವ ವ್ಯಂಗ್ಯಚಿತ್ರಗಳೂ ಬಂದವು. 1810ರ ಗಿಲ್‌ರೇಯ ಚಿತ್ರವೊಂದರಲ್ಲಿ ಬಿರುಗಾಳಿಗೆ ಸಿಕ್ಕಿ ಮಸ್ಲಿನ್ ಮೈಗಂಟಿಕೊಂಡ ಮೂವರು ಹೆಂಗಸರು ಪೇಚಾಡುತ್ತಾರೆ. ಚಿತ್ರ ಚೆನ್ನಾಗಿದೆ, ನಗು ಬರುತ್ತದೆ. ಆದರೆ ನಗುವಾಗಲೂ ಅಂಗಡಿಯ ಹಲಗೆಯ ಮೇಲೆ ಒಂದು ಕಣ್ಣಿರಲಿ. ರೋಲೆಂಡ್ಸನ್ನನ ವ್ಯಂಗ್ಯಚಿತ್ರಗಳನ್ನು ಅಚ್ಚುಹಾಕಿ ಮಾರಿದವರಲ್ಲಿ ನಮ್ಮ ಆಕರ್ಮನ್ನನೇ ಒಬ್ಬ. ಪ್ಯಾರಿಸ್ಸಿನಲ್ಲಿ ಲಾ ಮೆಸಾಂಜೇರ್ ಒಂದು ಕೈಯಲ್ಲಿ ‘ಕೋಸ್ತ್ಯೂಮ್ ಪಾರಿಸಿಯಾಂ’ ಮಾರುತ್ತ ಇನ್ನೊಂದು ಕೈಯಲ್ಲಿ ‘ಲ ಬೋಂ ಝಾನ್ರ್’ ಎಂಬ ಲೇವಡಿಯ ಮಾಲೆಯನ್ನೂ, ಹೊರಾಸ್ ವೆರ್ನೆ ಬರೆದು ಗಾತೀನ್ ಕೆತ್ತಿದ ಷೋಕಿಲಾಲರ ಚಿತ್ರಗಳನ್ನೂ ಮಾರಿದ. ಉಡು ಎಂದವನೂ ಅವನೇ, ಉಟ್ಟದ್ದಕ್ಕೆ ನಕ್ಕವನೂ ಅವನೇ. ಎರಡರ ಹಣವೂ ಒಂದೇ ಪೆಟ್ಟಿಗೆಗೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಈ ವಿದ್ಯೆಯನ್ನು ಮಾತ್ರ ಯಾವ ಸಿದ್ಧಾಂತಿಯೂ ಚಪಲವೆಂದು ಕರೆದಿಲ್ಲ. ಅದಕ್ಕೆ ಉದ್ಯಮಶೀಲತೆ ಎಂದು ಹೆಸರು.

ಹಾಗಾದರೆ ಈ ವ್ಯವಹಾರದಲ್ಲಿ ಹೆಂಗಸರು ಇರಲೇ ಇಲ್ಲವೆ? ಇದ್ದರು, ಅವರು ಇದ್ದ ಜಾಗವನ್ನು ಯಾರೂ ನೋಡಲಿಲ್ಲ. ಆಗಿನ್ನೂ ಬಣ್ಣದ ಅಚ್ಚು ಇಂದಿನಂತೆ ಬಂದಿರಲಿಲ್ಲ. ತಾಮ್ರದ ತಗಡಿನಿಂದ ಬರಿಯ ಗೆರೆಗಳು ಮುದ್ರಣವಾಗುತ್ತಿದ್ದವು. ಬಣ್ಣವನ್ನು ಪ್ರತಿಯೊಂದು ಹಾಳೆಗೂ ಕೈಯಿಂದಲೇ ಹಚ್ಚಬೇಕು. ಈ ಕೆಲಸ ಬಹುಮಟ್ಟಿಗೆ ಹೆಂಗಸರದು, ಮಕ್ಕಳದು. ಎದುರಿಗೆ ಒಂದು ಮಾದರಿ. ಒಬ್ಬಳು ಶಾಲಿಗೆ ಕೆಂಪು ಹಚ್ಚಿ ಪಕ್ಕಕ್ಕೆ ದಾಟಿಸಿದರೆ ಇನ್ನೊಬ್ಬಳು ಟೋಪಿಗೆ ಹಸುರು, ಮತ್ತೊಬ್ಬಳು ಕೆನ್ನೆಗೆ ಗುಲಾಬಿ. ಒಂದೇ ಚಿತ್ರದ ಎರಡು ಪ್ರತಿಗಳಲ್ಲಿ ಬಣ್ಣ ಬೇರೆಬೇರೆಯಾಗಿರುವುದುಂಟು. ಒಂದರಲ್ಲಿ ನೀಲಿಯ ಪಟ್ಟಿ ಇನ್ನೊಂದರಲ್ಲಿ ಹಳದಿ. ಹಾಳೆಯ ಅಂಚಿನಲ್ಲಿ ಹೆಸರು ಇದ್ದರೆ ಅದು ಬರೆದವನದು, ಕೆತ್ತಿದವನದು. ಬಣ್ಣ ಹಚ್ಚಿದವಳ ಹೆಸರಿಗೆ ಅಲ್ಲಿ ಜಾಗವಿಲ್ಲ. ಚಿತ್ರದೊಳಗಿನ ನಿಲುವಂಗಿಯನ್ನು ಹೊಲಿಯುವವಳೂ ಅಷ್ಟೆ. ಹೊಲಿಗೆಯ ಯಂತ್ರ ಇನ್ನೂ ಬಾರದ ಕಾಲ. ‘ಒಂದು ಸುತ್ತು ನಿರಿಗೆ ಹೆಚ್ಚು’ ಎಂದರೆ ದೀಪದ ಮುಂದೆ ಎಷ್ಟು ಹೊತ್ತಿನ ಸೂಜಿಯ ಕೆಲಸ ಹೆಚ್ಚು ಎಂಬುದನ್ನು ಹೊಲಿಗೆ ಬಲ್ಲ ಓದುಗಿತ್ತಿಯರೇ ಲೆಕ್ಕ ಹಾಕಿಕೊಳ್ಳಬಹುದು.

ಹೆಸರು ಉಳಿಸಿಕೊಂಡವಳು ಒಬ್ಬಳುಂಟು. ‘ಲಾ ಬೆಲ್ ಅಸಾಂಬ್ಲೇ’ಯ ಎಷ್ಟೋ ಚಿತ್ರಗಳ ಉಡುಪು ತನ್ನ ಕಲ್ಪನೆಯೆಂದು ಅಚ್ಚಿನಲ್ಲಿ ಹೇಳಿಕೊಂಡ, ಲಂಡನ್ನಿನ ಷಾರ್ಲಟ್ ಬೀದಿಯಲ್ಲಿ ಅಂಗಡಿಯಿಟ್ಟಿದ್ದ ಶ್ರೀಮತಿ ಬೆಲ್. ಉಡುಪು, ಟೋಪಿ, ಒಳಗಿನ ಬಿಗಿಯಂಗಿ ಎಲ್ಲವನ್ನೂ ಮಾರುತ್ತಿದ್ದಳು. ಅವಳನ್ನು ನಾನು ಸಂತಳೆಂದು ಹೇಳುವುದಿಲ್ಲ, ಅವಳೂ ವ್ಯಾಪಾರಿಯೇ. ಆದರೆ ವ್ಯಾಪಾರಿಯನ್ನು ವ್ಯಾಪಾರಿ ಎನ್ನಿರಿ. ಆಕರ್ಮನ್ ಮಾಡಿದರೆ ವಾಣಿಜ್ಯಪ್ರತಿಭೆ, ಶ್ರೀಮತಿ ಬೆಲ್ ಮಾಡಿದರೆ ಹೆಂಗಸರ ಷೋಕಿ ಎಂಬ ಎರಡು ತಕ್ಕಡಿ ಬೇಡ.

ಎದುರಾಳಿ ಇಲ್ಲಿ ಎದ್ದು ನಿಲ್ಲುತ್ತಾನೆ: ಮಾರುವವರು ಗಂಡಸರೇ ಇರಲಿ, ಕೊಂಡವರು ಹೆಂಗಸರು ತಾನೆ? ಕೊಳ್ಳದಿದ್ದರೆ ಮಾರುವವನು ಏನು ಮಾಡುತ್ತಿದ್ದ? ಪ್ರಶ್ನೆ ನ್ಯಾಯವಾದದ್ದೇ. ಕೊಂಡರು, ಆಸೆಪಟ್ಟು ನೋಡಿದರು. ಚಿತ್ರಗಳೂ ಆಸೆಪಡುವಂತಿವೆ. ಬೋದಿಲೇರನಂಥ ಕವಿಯೇ ಆಧುನಿಕ ಬದುಕಿನ ಚಿತ್ರಕಾರನನ್ನು ಕುರಿತ 1863ರ ಪ್ರಬಂಧವನ್ನು ಇಂಥ ಹಳೆಯ ಫ್ಯಾಷನ್ ಚಿತ್ರಗಳ ಕಂತೆಯೊಂದನ್ನು ಮುಂದಿಟ್ಟುಕೊಂಡು ಆರಂಭಿಸಿದ. ಅವನಿಗೆ ಚಪಲವೆಂದು ಯಾರೂ ಹೇಳಲಿಲ್ಲ, ಆಧುನಿಕತೆಯ ದ್ರಷ್ಟಾರನೆಂದರು. ಕೀಟ್ಸ್ ಕವಿಯ ಪ್ರೇಯಸಿ ಫ್ಯಾನಿ ಬ್ರಾನ್ ಅದೇ ಬಗೆಯ ಚಿತ್ರಗಳನ್ನು ಪುಸ್ತಕದಲ್ಲಿ ಅಂಟಿಸಿ ಇಟ್ಟುಕೊಂಡಿದ್ದಳು. 1878ರಲ್ಲಿ ಕೀಟ್ಸ್ ಅವಳಿಗೆ ಬರೆದ ಓಲೆಗಳು ಅಚ್ಚಾದಾಗ ಸಾಹಿತ್ಯಲೋಕ ಅವಳ ಮೇಲೆ ಮುಗಿಬಿತ್ತು: ಹಗುರ ಹುಡುಗಿ, ಸಿಂಗಾರದ ಗೊಂಬೆ, ಮಹಾಕವಿಗೆ ತಕ್ಕವಳಲ್ಲ. ಕವಿಯ ತಂಗಿಗೆ ಅವಳು ಬರೆದ ಪತ್ರಗಳು 1930ರ ದಶಕದಲ್ಲಿ ಹೊರಬಂದ ಮೇಲೆ ಗೊತ್ತಾಯಿತು, ಅವಳು ಓದಿದವಳು, ವಿವೇಕಿ, ಕವಿ ತೀರಿಕೊಂಡ ದುಃಖವನ್ನು ಸದ್ದಿಲ್ಲದೆ ನುಂಗಿದವಳು ಎಂದು. ಐವತ್ತು ವರ್ಷ ಆಕೆ ಸುಮ್ಮನೆ ಬೈಸಿಕೊಂಡಳು.

ಕೊಂಡವಳ ಮನಸ್ಸನ್ನು ನಿಜವಾಗಿ ನೋಡಬೇಕೆಂದಿದ್ದರೆ ಇನ್ನೊಂದು ಪುಸ್ತಕವಿದೆ. ಬಾರ್ಬರಾ ಜಾನ್ಸನ್ ಎಂಬಾಕೆ 1738ರಲ್ಲಿ ಒಬ್ಬ ಪಾದ್ರಿಯ ಮಗಳಾಗಿ ಹುಟ್ಟಿ, ಮದುವೆಯಾಗದೆ, ಅಲ್ಪ ಆದಾಯದಲ್ಲಿ ಬಾಳಿ 1825ರಲ್ಲಿ ತೀರಿಕೊಂಡಳು. 1746ರಿಂದ 1823ರವರೆಗೆ, ಎಪ್ಪತ್ತೇಳು ವರ್ಷ, ತಾನು ಹೊಲಿಸಿದ ಉಡುಪುಗಳ ಬಟ್ಟೆಯಿಂದ ಒಂದೊಂದು ಚೂರನ್ನು ಹಳೆಯ ಲೆಕ್ಕದ ಪುಸ್ತಕವೊಂದಕ್ಕೆ ಸೇರಿಸುತ್ತ ಬಂದಳು. ಅದರಲ್ಲಿ ಫ್ಯಾಷನ್ ಚಿತ್ರಗಳೂ ಇವೆ. ಆ ಕಾಲದ ಕಿಸೆಪುಸ್ತಕಗಳಿಂದ ಕತ್ತರಿಸಿ ಅಂಟಿಸಿದವು. ಆದರೆ ಚಿತ್ರದ ಪಕ್ಕದಲ್ಲಿರುವುದು ಅವಳ ಕೈಬರಹ: ಎಷ್ಟು ಗಜ, ಪನ್ನ ಎಷ್ಟು, ಗಜಕ್ಕೆ ಎಷ್ಟು ಷಿಲಿಂಗು, ಯಾವ ವರ್ಷ, ಯಾತಕ್ಕಾಗಿ ಹೊಲಿಸಿದ್ದು, ಯಾರ ಸಾವಿನ ಶೋಕಕ್ಕಾಗಿ ಉಟ್ಟ ಕಪ್ಪು. ಎಪ್ಪತ್ತೇಳು ವರ್ಷಕ್ಕೆ ತುಣುಕುಗಳು ನೂರಿಪ್ಪತ್ತರ ಆಸುಪಾಸು. ಸರಾಸರಿ ಹಿಡಿದರೆ ವರ್ಷಕ್ಕೆ ಎರಡೂ ಇಲ್ಲ. ಚಿತ್ರ ಐದು ದಿನಕ್ಕೊಂದು, ತಿಂಗಳಿಗೆ ಎರಡು ಬರುತ್ತಿದ್ದ ಕಾಲದ ಲೆಕ್ಕ ಇದು.

ಆ ಪುಸ್ತಕ ಈಗ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ, ಲೇವರ್ ಉದ್ಯೋಗ ಮಾಡಿದ ಅದೇ ಸಂಸ್ಥೆಯಲ್ಲಿ. 1987ರಲ್ಲಿ ಅದನ್ನು ಪುಟಪುಟವಾಗಿ ಅಚ್ಚುಹಾಕಿದ್ದ ಪ್ರತಿಯೂ ಬಂದಿದೆ. ಹೆಣ್ಣಿನ ಚಪಲದ ಮೇಲೆ ಇನ್ನೊಂದು ಉಪನ್ಯಾಸ ಸಿದ್ಧಪಡಿಸುತ್ತಿರುವ ಮಹನೀಯರು ಮೊದಲು ಅದನ್ನು ತರಿಸಿಕೊಂಡು, ಗಜದ ಲೆಕ್ಕವನ್ನು ಒಮ್ಮೆ ಕೂಡಿ ನೋಡಲಿ.